ಯಾವ ಅಪ್‌ಡೇಟ್ ಕೂತಿದೆ? ನಾನು ನೋಡುವ ರೀತಿ

ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವರಿಗೆ ಗಿರಾಕಿಗಳು ಅಂದರೆ ಹೆಚ್ಚಾಗಿ ಲೆಕ್ಕ ಬರೆಯುವವರೇ. ಮಂಡಿಪೇಟೆಯ ಅಂಗಡಿ, ಎಪಿಎಂಸಿ ಯಾರ್ಡಿನ ದಲಾಲಿ ಮಂಡಿ, ಪಿ.ಜೆ. ಬಡಾವಣೆಯ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸು. ಎಲ್ಲ ಕಡೆ ಟ್ಯಾಲಿ, ಎಕ್ಸೆಲ್, ಒಂದು ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್. ಇಂಥ ಕೆಲವು ಆಫೀಸುಗಳ ಮೆಷಿನ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಹೋದ ಕೂಡಲೇ ಮಾಡುವ ಕೆಲಸ ಒಂದೇ. ವಿಂಡೋಸ್‌ನ ಯಾವ ಅಪ್‌ಡೇಟ್ ಕೂತಿದೆ, ಅಂದರೆ ಇನ್‌ಸ್ಟಾಲ್ ಆಗಿದೆ, ಯಾವುದು ಕೂತಿಲ್ಲ ಅಂತ ನೋಡುವುದು.

"ಹಸಿರು ಟಿಕ್ ಇದೆಯಲ್ಲ ಅಣ್ಣಾ, ಅಪ್ ಟು ಡೇಟ್ ಅಂತಿದೆ, ಇನ್ನೇನು ನೋಡ್ತೀರಿ?" ಅಂತ ಆಪರೇಟರ್ ಹುಡುಗರು ಕೇಳುತ್ತಾರೆ. ಆ ಟಿಕ್ ಹೇಳುವುದು ಇಷ್ಟೇ: ಕೊನೆಯ ಸಲ ವಿಚಾರಿಸಿದಾಗ ಈ ಮೆಷಿನ್‌ಗೆ ಕೊಡುವಂಥದ್ದು ಏನೂ ಬಾಕಿ ಇರಲಿಲ್ಲ. ಒಳಗೆ ಏನೇನು ಇದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಮೆಷಿನ್ ಅನ್ನೇ ಕೇಳಬೇಕು.

ನಾನು ಮೊದಲು ಒತ್ತುವುದು ವಿಂಡೋಸ್ ಕೀ ಜೊತೆ ಆರ್. ಬರುವ ಸಣ್ಣ ಡಬ್ಬಿಯಲ್ಲಿ ವಿನ್‌ವರ್ (winver) ಅಂತ ಟೈಪ್ ಮಾಡಿ ಎಂಟರ್. ಒಂದು ಪುಟ್ಟ ಕಿಟಕಿ ಬರುತ್ತದೆ. ಅದರಲ್ಲಿ ವರ್ಷನ್ ಮತ್ತು ಬಿಲ್ಡ್ ನಂಬರ್ ಇರುತ್ತದೆ. ಬಿಲ್ಡ್ ನಂಬರಿನ ನಡುವೆ ಒಂದು ಚುಕ್ಕೆ. ಚುಕ್ಕೆಗೆ ಮೊದಲಿನದು ವಿಂಡೋಸ್‌ನ ಯಾವ ಆವೃತ್ತಿ ಅಂತ ಹೇಳುತ್ತದೆ. 19045 ಅಂದರೆ ವಿಂಡೋಸ್ 10ರ ಕೊನೆಯ ಆವೃತ್ತಿ, 22ಎಚ್2. 22631 ಅಂದರೆ ವಿಂಡೋಸ್ 11ರ 23ಎಚ್2. 26100 ಅಂದರೆ 24ಎಚ್2. ಚುಕ್ಕೆಯ ನಂತರದ್ದು ಪ್ರತಿ ತಿಂಗಳ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಕೂತಾಗ ಮೇಲೇರುತ್ತದೆ. ಯಾವ ಬಿಲ್ಡ್ ಯಾವ ತಾರೀಕಿನದು, ಅದರ ಕೆಬಿ ನಂಬರ್ (ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ) ಏನು ಅನ್ನುವ ಪಟ್ಟಿಯನ್ನು ಮೈಕ್ರೋಸಾಫ್ಟ್ ಎಲ್ಲರೂ ನೋಡುವಂತೆ ಇಟ್ಟಿದೆ. ಎರಡನ್ನೂ ಹೊಂದಿಸಿ ನೋಡಿದರೆ ಮೆಷಿನ್ ಯಾವ ತಿಂಗಳಿನಲ್ಲಿ ನಿಂತಿದೆ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದೇ ಒಂದು ಜಾಗ ನೋಡುವಷ್ಟು ಪುರುಸೊತ್ತು ಇದ್ದರೆ ನಾನು ನೋಡುವುದು ಇದನ್ನೇ.

ಆಮೇಲೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ. ಇಲ್ಲಿ ಪಟ್ಟಿ ಗುಂಪು ಗುಂಪಾಗಿ ಇರುತ್ತದೆ: ಫೀಚರ್, ಕ್ವಾಲಿಟಿ, ಡ್ರೈವರ್, ಡೆಫಿನಿಷನ್, ಇತರೆ. ಹೆಚ್ಚಿನವರು ಮೋಸ ಹೋಗುವುದು ಈ ಡೆಫಿನಿಷನ್ ಗುಂಪಿನಲ್ಲಿ. ಅದು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್‌ನ ಹೊಸ ಪಟ್ಟಿ. ಅದರ ಕೆಬಿ ನಂಬರ್ ಯಾವಾಗಲೂ 2267602. ದಿನಾ ಅದೇ ನಂಬರ್ ಬರುತ್ತದೆ, ಬದಲಾಗುವುದು ಪಕ್ಕದ ವರ್ಷನ್ ಅಷ್ಟೇ. "ಒಂದೇ ಅಪ್‌ಡೇಟ್ ಮತ್ತೆ ಮತ್ತೆ ಹಾಕ್ಕೊಳ್ತಿದೆ, ಕೆಟ್ಟೋಗಿದೆಯಾ?" ಅಂತ ಹಲವರು ಕೇಳಿದ್ದಾರೆ. ಕೆಟ್ಟಿಲ್ಲ, ಅದರ ರೀತಿಯೇ ಹಾಗೆ.

ನಿಜವಾದ ತೊಂದರೆ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕೆ. ಮುಂದುವರಿಸುವ ಯೋಜನೆಗೆ, ಅಂದರೆ ಇಎಸ್‌ಯುಗೆ, ಸೇರಿಸದ ಮೆಷಿನ್‌ಗೆ ಆಮೇಲೆ ತಿಂಗಳ ಸೆಕ್ಯುರಿಟಿ ಪ್ಯಾಚ್ ಬರುವುದಿಲ್ಲ. ಡಿಫೆಂಡರ್ ಪಟ್ಟಿ ಮಾತ್ರ ಬರುತ್ತಲೇ ಇರುತ್ತದೆ. ಹಾಗಾಗಿ ಹಿಸ್ಟರಿ ತೆರೆದರೆ ಇವತ್ತಿನ ತಾರೀಕೇ ಕಾಣುತ್ತದೆ. ನೋಡಿದವರು ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ. ತಿಂಗಳ ಪ್ಯಾಚ್‌ಗಳಿರುವ ಕ್ವಾಲಿಟಿ ಗುಂಪು ಬಿಚ್ಚಿದರೆ ಮಾತ್ರ ಮೆಷಿನ್ 2025ರಲ್ಲೇ ನಿಂತಿರುವುದು ಕಾಣುತ್ತದೆ. ನಮ್ಮ ಕಡೆಯ ಮಂಡಿಗಳಲ್ಲಿ ಹಳೆಯ ಪ್ರೊಸೆಸರ್‌ನ ಮೆಷಿನ್‌ಗಳು ಬಹಳ. ಅವು ವಿಂಡೋಸ್ 11ಕ್ಕೆ ಹೋಗುವುದಿಲ್ಲ. "ನಡೀತದಲ್ಲ, ನಡೀಲಿ ಬಿಡ್ರಿ" ಅನ್ನುವ ಮಾಲೀಕರಿಗೆ ನಾನು ಈ ಎರಡು ತಾರೀಕುಗಳನ್ನು ಅಕ್ಕಪಕ್ಕ ತೋರಿಸುತ್ತೇನೆ. ಭಾಷಣಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ತಾರೀಕು ಯಾಕೆ ಮುಖ್ಯ ಅನ್ನುವುದಕ್ಕೆ 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ದಾಳಿ ಸಾಕು. ಅದು ನುಗ್ಗಿದ ವಿಂಡೋಸ್‌ನ ರಂಧ್ರ ಮುಚ್ಚುವ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ದಾಳಿ ಶುರುವಾಗಿದ್ದು ಮೇ 12ಕ್ಕೆ. ನಡುವೆ ಹೆಚ್ಚುಕಡಿಮೆ ಎರಡು ತಿಂಗಳು ಇತ್ತು.

ಮೂರನೆಯದು ಪವರ್‌ಶೆಲ್, ವಿಂಡೋಸ್‌ಗೆ ಕಮಾಂಡ್ ಟೈಪ್ ಮಾಡಿ ಕೊಡುವ ಕಿಟಕಿ. ಗೆಟ್, ಒಂದು ಹೈಫನ್, ಹಾಟ್‌ಫಿಕ್ಸ್ (Get-HotFix), ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಬಿ ನಂಬರ್, ಕೂತ ತಾರೀಕು, ಯಾವ ಬಳಕೆದಾರನ ಹೆಸರಲ್ಲಿ ಕೂತಿತು ಅನ್ನುವ ಪಟ್ಟಿ ಬರುತ್ತದೆ. ಅದನ್ನು ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿಕೊಳ್ಳಬಹುದು. ಹಿಂದೆ ಇದಕ್ಕೆ ಡಬ್ಲ್ಯುಎಂಐಸಿ ಅನ್ನುವ ಹಳೆಯ ಕಮಾಂಡ್ ಬಳಸುತ್ತಿದ್ದೆವು. ಅದನ್ನು ಈಗ ಮೈಕ್ರೋಸಾಫ್ಟ್ ಕೈಬಿಡುತ್ತಿದೆ, ಹಾಗಾಗಿ ಹೊಸದಾಗಿ ಕಲಿಯುವವರು ಅದರ ಹಿಂದೆ ಹೋಗುವುದು ಬೇಡ.

ಈ ಪಟ್ಟಿ ನೋಡಿ ಗಾಬರಿ ಬೀಳುವವರೂ ಇದ್ದಾರೆ. ಒಂದು ಆಫೀಸಿಗೆ ಹೊರಗಿನ ಆಡಿಟ್‌ನವರು ಕೆಬಿ ನಂಬರ್‌ಗಳ ಉದ್ದ ಪಟ್ಟಿ ಕಳಿಸಿದ್ದರು. ಇವೆಲ್ಲ ನಿಮ್ಮ ಮೆಷಿನ್‌ನಲ್ಲಿ ಇಲ್ಲ, ಉತ್ತರ ಕೊಡಿ ಅಂತ. ಆಫೀಸಿನ ಮೇಡಂ ಕೈಯಲ್ಲಿ ಪ್ರಿಂಟ್ ಹಿಡಿದು ಕೂತಿದ್ದರು. ನಾನು ನೋಡಿದೆ. ಪವರ್‌ಶೆಲ್ ಪಟ್ಟಿಯಲ್ಲಿ ನಾಲ್ಕೈದು ಸಾಲು ಮಾತ್ರ ಇತ್ತು. ಆಡಿಟ್‌ನವರು ಕೇಳಿದ ಒಂದು ನಂಬರೂ ಅದರಲ್ಲಿ ಇರಲಿಲ್ಲ.

ಆದರೆ ಬಿಲ್ಡ್ ನಂಬರ್ ಆ ತಿಂಗಳಿನದೇ ಆಗಿತ್ತು. ವಿಂಡೋಸ್ 10 ಬಂದಾಗಿನಿಂದ ತಿಂಗಳ ಪ್ಯಾಚ್ ಕ್ಯುಮುಲೇಟಿವ್. ಹೊಸದರಲ್ಲಿ ಹಳೆಯದೆಲ್ಲ ಸೇರಿರುತ್ತದೆ. "ಮೇಡಂ, ಹೊಸ ವರ್ಷದ ಖಾತೆಗೆ ಓಪನಿಂಗ್ ಬ್ಯಾಲೆನ್ಸ್ ತರ್ತೀರಲ್ಲ, ಹಾಗೆ ಇದು. ಹಳೇ ಎಂಟ್ರಿ ಇಲ್ಲಿ ಕಾಣಲ್ಲ, ಮೊತ್ತದಲ್ಲಿ ಇರುತ್ತೆ" ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಹೊಸ ಕ್ಯುಮುಲೇಟಿವ್ ಕೂತ ಮೇಲೆ ಹಳೆಯದರ ಸಾಲು ಈ ಪಟ್ಟಿಯಿಂದ ಹೋಗುತ್ತದೆ. ವಿನ್‌ವರ್ ಕಿಟಕಿಯ ಸ್ಕ್ರೀನ್‌ಶಾಟ್, ಆ ಬಿಲ್ಡ್‌ಗೆ ಸೇರಿದ ಕೆಬಿ ನಂಬರ್, ಬಿಡುಗಡೆಯ ತಾರೀಕು ಮೂರನ್ನೂ ಹಾಕಿ ಉತ್ತರ ಬರೆದೆವು. ಅವರು ಒಪ್ಪಿದರು. ನಂಬರ್ ಇಲ್ಲ ಅಂದ ಮಾತ್ರಕ್ಕೆ ಪ್ಯಾಚ್ ಇಲ್ಲ ಅಂತಲ್ಲ. ಇದನ್ನು ಆಡಿಟ್ ಮಾಡುವವರೂ ತಿಳಿದಿರಬೇಕು, ಸುಮ್ನೆ ಸಣ್ಣ ಆಫೀಸಿನವರ ನಿದ್ದೆ ಕೆಡಿಸುತ್ತಾರೆ.

ದೊಡ್ಡ ಫೀಚರ್ ಅಪ್‌ಡೇಟ್ ಆದ ಮೇಲೂ ಹೀಗೇ. 23ಎಚ್2ನಿಂದ 24ಎಚ್2ಗೆ ಹೋದರೆ ಹಿಸ್ಟರಿ ಹೆಚ್ಚುಕಡಿಮೆ ಖಾಲಿಯಾಗಿ ಹೊಸದಾಗಿ ಶುರುವಾಗುತ್ತದೆ. ಅದಕ್ಕೇ ನಾನು ಪ್ರತಿ ಮೆಷಿನ್‌ನ ಬಿಲ್ಡ್ ನಂಬರನ್ನು ತಾರೀಕಿನ ಜೊತೆ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತೇನೆ. ಮೆಷಿನ್ ಮರೆತರೂ ಹಾಳೆ ಮರೆಯುವುದಿಲ್ಲ.

ಇನ್ನು ಬೈಗುಳದ ವಿಷಯ. ಏನೇ ಕೆಟ್ಟರೂ ಮೊದಲ ಆರೋಪಿ ಅಪ್‌ಡೇಟ್. ಎಪಿಎಂಸಿಯ ಒಂದು ಮಂಡಿಯಿಂದ ಸಾವ್ಕಾರ್ರು ಫೋನ್ ಮಾಡಿದರು. "ನೀವು ಅಪ್‌ಡೇಟ್ ಹಾಕ್ಸಿದ್ರಿ, ಬೆಳಗ್ಗಿಂದ ಬಿಲ್ಲೇ ಬರವಲ್ದು ನೋಡ್ರಿ. ಹೊರಗೆ ಮೆಕ್ಕೆಜೋಳದ ಗಾಡಿ ನಿಂತಾವೆ." ಹೋದೆ. ಪ್ರಿಂಟರ್ ಮುಟ್ಟುವ ಮೊದಲು, ಮೆಷಿನ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದೆ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ವಿಂಡೋಸ್ ಅಪ್‌ಡೇಟ್ ಕ್ಲೈಂಟ್‌ನ 19 ನಂಬರಿನ ದಾಖಲೆ ಅಂದರೆ ಅಪ್‌ಡೇಟ್ ಸರಿಯಾಗಿ ಕೂತಿತು, 20 ಅಂದರೆ ಸೋತಿತು. ಗಂಟೆ ನಿಮಿಷ ಸಮೇತ ಇರುತ್ತದೆ. 1074 ನೋಡಿದರೆ ಯಾವ ಪ್ರೋಗ್ರಾಮ್ ಮೆಷಿನ್ ರೀಸ್ಟಾರ್ಟ್ ಮಾಡಿಸಿತು ಅಂತಲೂ ಗೊತ್ತಾಗುತ್ತದೆ. ಆ ವಾರದಲ್ಲಿ ಡಿಫೆಂಡರ್ ಬಿಟ್ಟು ಒಂದೂ ಅಪ್‌ಡೇಟ್ ಕೂತಿರಲಿಲ್ಲ. ಹಿಂದಿನ ದಿನ ಕೂತಿದ್ದು ಹೊಸ ರೂಟರ್! ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ ಸಿಕ್ಕಿತ್ತು, ಕಂಪ್ಯೂಟರ್ ಹಳೆಯದಕ್ಕೇ ಬಿಲ್ ಕಳಿಸುತ್ತಿತ್ತು. ಸರಿಪಡಿಸಿ, ವಿಳಾಸ ಮತ್ತೆ ಬದಲಾಗದಂತೆ ಕಟ್ಟಿಹಾಕಿ ಬಂದೆ. ಮೊದಲೇ ಅಪ್‌ಡೇಟ್ ತೆಗೆಯಲು ಕೂತಿದ್ದರೆ ಗಾಡಿಗಳು ಸಂಜೆವರೆಗೂ ಅಲ್ಲೇ ನಿಲ್ಲುತ್ತಿದ್ದವು.

ಹಾಗಂತ ಅಪ್‌ಡೇಟ್ ಯಾವಾಗಲೂ ನಿರಪರಾಧಿ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಬಂದ ಕೆಬಿ 5005565 ನಂತರ ನೆಟ್‌ವರ್ಕ್ ಪ್ರಿಂಟರ್ ಜೋಡಿಸಲು ಹೋದರೆ ಕೊನೆಯಲ್ಲಿ 11ಬಿ ಇರುವ ಎರರ್ ಬರುತ್ತಿದ್ದುದು ಎಲ್ಲೆಡೆ ಸುದ್ದಿಯಾಗಿತ್ತು. ಅಂಥ ಹೊತ್ತಿನಲ್ಲಿ ಕೆಬಿ ನಂಬರ್ ಕೈಯಲ್ಲಿ ಇದ್ದರೆ ಪರಿಹಾರ ಹುಡುಕುವುದು ಸುಲಭ. ಅಪ್‌ಡೇಟ್ ಕೂತ ಗಂಟೆಯೂ ತೊಂದರೆ ಶುರುವಾದ ಗಂಟೆಯೂ ಕೂಡಿಬಂದರೆ ಮಾತ್ರ ನಾನು ತೆಗೆಯುವ ಯೋಚನೆ ಮಾಡುತ್ತೇನೆ. ಅಪ್‌ಡೇಟ್ ಹಿಸ್ಟರಿಯ ಕೆಳಗೇ ಅನ್‌ಇನ್‌ಸ್ಟಾಲ್ ಅಂತ ಇದೆ. ಫೀಚರ್ ಅಪ್‌ಡೇಟ್ ಆದರೆ ಹಿಂದಿನ ಆವೃತ್ತಿಗೆ ಹೋಗಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ, ಆಮೇಲೆ ಹಳೆಯ ಫೈಲುಗಳು ಅಳಿಸಿಹೋಗುತ್ತವೆ.

ಈ ಯಾವ ಪಟ್ಟಿಯಲ್ಲೂ ಎಲ್ಲವೂ ಇರುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಈಗಿನ ಆಫೀಸ್ ಪ್ಯಾಕೇಜ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತದೆ. ಅದನ್ನು ಎಕ್ಸೆಲ್‌ನ ಫೈಲ್ ಮೆನುವಿನಲ್ಲಿ ಅಕೌಂಟ್ ಒತ್ತಿ ನೋಡಬೇಕು. ಆಫೀಸ್ 2016 ಮತ್ತು 2019ರ ಸಪೋರ್ಟ್ ಕೂಡ ವಿಂಡೋಸ್ 10ರ ಜೊತೆ ಅದೇ ದಿನ ಮುಗಿಯಿತು, ಅದು ಬಹಳ ಜನಕ್ಕೆ ಗೊತ್ತಿಲ್ಲ. ಕ್ರೋಮ್ ಬ್ರೌಸರ್, ಟ್ಯಾಲಿ, ಟೋಕನ್‌ನ ಡ್ರೈವರ್, ಇವೆಲ್ಲ ಬೇರೆ ಬೇರೆ. ಒಂದೊಂದನ್ನೂ ತೆರೆದು ಅದರ ವರ್ಷನ್ ಬರೆದುಕೊಳ್ಳುವುದೇ ದಾರಿ.

ಬಾಕಿ ಉಳಿದಿದ್ದು ರೀಸ್ಟಾರ್ಟ್. ಅಪ್‌ಡೇಟ್ ಇಳಿದಿರುತ್ತದೆ, ಆದರೆ ರೀಸ್ಟಾರ್ಟ್‌ಗೆ ಕಾಯುತ್ತಿರುತ್ತದೆ. ಸಂಜೆ ಹುಡುಗರು ಶಟ್‌ಡೌನ್ ಒತ್ತಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ. ಮೆಷಿನ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟ್ಅಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಪುಟದ ಅಪ್ ಟೈಮ್ ನೋಡಿ, ದಿನಾ ಆಫ್ ಮಾಡುವ ಮೆಷಿನ್ ಕೂಡ ವಾರಗಟ್ಟಲೆ ಓಡುತ್ತಿರುವ ಲೆಕ್ಕ ತೋರಿಸುತ್ತದೆ. ಹಾಗಿದ್ದರೆ ಒಮ್ಮೆ ರೀಸ್ಟಾರ್ಟ್ ಒತ್ತಿ, ಮುಗಿಯುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ಕರೆಂಟ್ ಹೋಗುವ ಹೊತ್ತಿನಲ್ಲಿ ಯುಪಿಎಸ್ ಬ್ಯಾಟರಿ ನೋಡದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಯಾವಾಗ ಮಾಡುವುದು ಅನ್ನುವುದು ನಮ್ಮ ಗಿರಾಕಿಗಳಿಗೆ ದೊಡ್ಡ ಪ್ರಶ್ನೆ. ಮೈಕ್ರೋಸಾಫ್ಟ್ ಪ್ಯಾಚ್ ಬಿಡುವುದು ತಿಂಗಳ ಎರಡನೇ ಮಂಗಳವಾರ, ಅಂದರೆ 8ರಿಂದ 14ರ ಒಳಗೆ. ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ, ಅಮೆರಿಕದ ಚಳಿಗಾಲದಲ್ಲಿ ಹನ್ನೊಂದೂವರೆ. ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಮಾರಾಟದ ವಿವರದ ಜಿಎಸ್‌ಟಿಆರ್-1ರ ಗಡುವು 11, ತೆರಿಗೆ ಕಟ್ಟುವ 3ಬಿ ಗಡುವು 20. 2025ರ ನವೆಂಬರಿನಲ್ಲಂತೂ ಎರಡನೇ ಮಂಗಳವಾರವೇ 11ನೇ ತಾರೀಕು ಬಂದಿತ್ತು. ಟ್ಯಾಕ್ಸ್ ಆಫೀಸಿನವರು ರಿಟರ್ನ್ ತುಂಬುವ ಹೊತ್ತಿನಲ್ಲಿ ಮೆಷಿನ್ ಮುಟ್ಟಲು ಬಿಡುವುದಿಲ್ಲ, ಬಿಡಲೂಬಾರದು. ಹಾಗಾಗಿ 11ರ ಗಡುವಿನ ತನಕ, ಅಪ್‌ಡೇಟನ್ನು ಸ್ವಲ್ಪ ದಿನ ತಡೆಯುವ ಪಾಸ್ (Pause) ಬಟನ್ ಒತ್ತಿಡುತ್ತೇನೆ. ಪ್ಯಾಚ್ ಬಂದು ಎರಡು ಮೂರು ದಿನ ಬಿಟ್ಟು ಒಂದು ಮೆಷಿನ್‌ಗೆ ಮಾತ್ರ ಹಾಕುತ್ತೇನೆ. ಟ್ಯಾಲಿ ತೆರೆಯುತ್ತದಾ, ಟೋಕನ್ ಸಹಿ ಹಾಕುತ್ತದಾ, ಬಿಲ್ ಪ್ರಿಂಟ್ ಆಗುತ್ತದಾ ನೋಡಿ, 3ಬಿ ಗಲಾಟೆ ಶುರುವಾಗುವ ಮೊದಲು ಉಳಿದವಕ್ಕೆ ಹಾಕಿ, ಹೊಸ ಬಿಲ್ಡ್ ನಂಬರ್ ಹಾಳೆಯಲ್ಲಿ ಬರೆಯುತ್ತೇನೆ. ಆ ವಾರ ಆಗದಿದ್ದರೆ 21ನೇ ತಾರೀಕು ಬೆಳಗ್ಗೆ, ಆಫೀಸ್ ಬಾಗಿಲು ತೆಗೆದ ಕೂಡಲೇ.