ಲಾಂಗ್ ಟರ್ಮ್ ಸೇರದೆ ನೀಟ್ ದಾಟಿದ್ದು: ತಪ್ಪು ಬರೆದಿಟ್ಟ ನೋಟ್‌ಬುಕ್ಕಿನ ಲೆಕ್ಕ

ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಮೊದಲ ಸಲ 400ರ ಆಸುಪಾಸಿನಲ್ಲಿ ನಿಂತಿದ್ದ ಅಂಕ ಮರುವರ್ಷ 550ರ ಹತ್ತಿರ ಬಂತು. ಲಾಂಗ್ ಟರ್ಮ್ ಬ್ಯಾಚ್ (ಮತ್ತೆ ಬರೆಯುವವರ ವರ್ಷವಿಡೀ ಕೋಚಿಂಗ್) ಇಲ್ಲ, ಹಾಸ್ಟೆಲ್ ಇಲ್ಲ. ಇದ್ದದ್ದು ಮನೆ, ತಾಲ್ಲೂಕು ಗ್ರಂಥಾಲಯ, 200 ಪುಟದ ಒಂದು ನೋಟ್‌ಬುಕ್. ‘ರಿಪೀಟ್ ಮಾಡೋದಾದ್ರೆ ಮಂಗಳೂರಿಗೆ ಹೋಗು, ಮನೇಲಿ ಕೂತು ಯಾರೂ ಸೀಟು ತಗೊಂಡಿಲ್ಲ’ ಎಂದು ಪಿಯು ಲೆಕ್ಚರರ್‌ಗಳಿಂದ ಹಿಡಿದು ಸೋದರಮಾವನವರೆಗೆ ಎಲ್ಲರೂ ಹೇಳಿದ್ದರು. ಈಗ ಅದೇ ನೋಟ್‌ಬುಕ್ಕಿನ ಜೆರಾಕ್ಸ್ ಕೇಳುತ್ತಿದ್ದಾರೆ. ಜೆರಾಕ್ಸಿನಿಂದ ಯಾರಿಗೂ ಉಪಯೋಗವಿಲ್ಲ, ಅದರಲ್ಲಿರುವುದು ನನ್ನ ತಲೆ ಜಾರುವ ಜಾಗಗಳು. ನಿಮ್ಮದನ್ನು ನೀವೇ ಬರೆಯಬೇಕು. ವಿಧಾನವನ್ನು ಹೇಳುತ್ತೇನೆ.

ಸರಿಗೆ 4, ತಪ್ಪಿಗೆ 1 ಕಡಿತ ಎಂಬುದು ಎಲ್ಲರಿಗೂ ಗೊತ್ತು. ಅಂದರೆ ಬಿಟ್ಟ ಪ್ರಶ್ನೆ ಸರಿಯಾದರೆ ನಾಲ್ಕು ಅಂಕ, ತಪ್ಪಾಗುತ್ತಿದ್ದದ್ದು ಸರಿಯಾದರೆ ಐದು. ಮೂವತ್ತು ತಪ್ಪು ತಿದ್ದಿಕೊಂಡರೆ 150 ಅಂಕ. ರಿಪೀಟರ್‌ಗೆ ಹೊಸ ಪಾಠ ಬೇಕಾಗಿರುವುದು ಕಡಿಮೆ, ಇದ್ದದ್ದು ಸೋರುವುದನ್ನು ನಿಲ್ಲಿಸಬೇಕು. ಕೋಚಿಂಗ್‌ನವರು ಮತ್ತೆ ಮೊದಲ ಅಧ್ಯಾಯದಿಂದ ಶುರು ಮಾಡುತ್ತಾರೆ. ದುಡ್ಡು ಮತ್ತು ತಿಂಗಳುಗಳು ಹೋಗುವುದು ಅಲ್ಲೇ.

ಪ್ರತಿ ಪೂರ್ಣ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆಗೆ ನಾಲ್ಕು ಕಾಲಂ. ಪ್ರಶ್ನೆ ಏನು, ಏನು ಗುರುತು ಹಾಕಿದೆ, ಆ ಹೊತ್ತಿಗೆ ಅದು ಯಾಕೆ ಸರಿ ಅನ್ನಿಸಿತು, ಮುಂದಿನ ಸಲ ಏನು ಕೇಳಿಕೊಳ್ಳಬೇಕು. ಎಲ್ಲರೂ ಮೊದಲೆರಡು ಬರೆದು ಸರಿ ಉತ್ತರ ನಕಲು ಮಾಡಿ ಮುಚ್ಚಿಡುತ್ತಾರೆ. ಅದು ಸಮಯ ದಂಡ. ಮೂರನೇ ಕಾಲಂ ಇಡೀ ಪುಸ್ತಕದ ಜೀವ.

ಒಂದು ಉದಾಹರಣೆ. ಮಿಯಾಸಿಸ್‌ನಲ್ಲಿ (ಕೋಶ ವಿಭಜನೆಯ ಒಂದು ಬಗೆ) ಕಯಾಸ್ಮ, ಅಂದರೆ ಕ್ರೋಮೊಸೋಮ್‌ಗಳು ಒಂದರ ಮೇಲೊಂದು ಅಡ್ಡ ಹಾಯ್ದ ಗುರುತು, ಕಾಣಿಸಿಕೊಳ್ಳುವ ಹಂತ ಯಾವುದು? ಗುರುತು ಹಾಕಿದ್ದು ಪ್ಯಾಕಿಟೀನ್, ಸರಿ ಉತ್ತರ ಡಿಪ್ಲೊಟೀನ್. ‘ಡಿಪ್ಲೊಟೀನ್ ನೆನಪಿಡು’ ಎಂದು ಬರೆದರೆ ಮುಂದಿನ ತಿಂಗಳು ಅದೇ ತಪ್ಪು. ಬರೆಯಬೇಕಾದ್ದು ಇದು: ಕ್ರಾಸಿಂಗ್ ಓವರ್ (ಜೋಡಿ ಕ್ರೋಮೊಸೋಮ್‌ಗಳ ತುಂಡು ವಿನಿಮಯ) ನಡೆಯುವುದು ಪ್ಯಾಕಿಟೀನ್‌ನಲ್ಲಿ, ಅದರ ಗುರುತು ಕಣ್ಣಿಗೆ ಬೀಳುವುದು ಸಿನಾಪ್ಟೊನೀಮಲ್ ಕಾಂಪ್ಲೆಕ್ಸ್ (ಜೋಡಿಯನ್ನು ಹಿಡಿದಿಡುವ ರಚನೆ) ಕರಗಿ ಜೋಡಿಗಳು ದೂರ ಸರಿದಾಗ, ನಡೆಯುವುದನ್ನೂ ಕಾಣುವುದನ್ನೂ ಒಂದೇ ಅಂದುಕೊಂಡೆ. ಇದೇ ಗೊಂದಲ ಬಯಾಲಜಿಯ ಬೇರೆ ಅಧ್ಯಾಯಗಳಲ್ಲೂ ಇತ್ತು ಎಂದು ಆಮೇಲೆ ನೋಟ್‌ಬುಕ್ಕೇ ತೋರಿಸಿತು.

ಫಿಸಿಕ್ಸ್‌ನಲ್ಲಿ ತಂತಿ ಎಳೆಯುವ ಲೆಕ್ಕ. ಉದ್ದ ಎರಡು ಪಟ್ಟಾದರೆ ರೋಧ ನಾಲ್ಕು ಪಟ್ಟು, ಏಕೆಂದರೆ ಗಾತ್ರ ಬದಲಾಗದೆ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಗುತ್ತದೆ. ಇದು ಎಲ್ಲರಿಗೂ ಬಾಯಿಪಾಠ. ಆದರೂ ಶೇ 10 ಎಳೆದರೆ ರೋಧ ಎಷ್ಟು ಹೆಚ್ಚುತ್ತದೆ ಎಂದು ಕೇಳಿದಾಗ ಕೈ ಶೇ 10 ಅಥವಾ 20ರತ್ತ ಹೋಗುತ್ತದೆ. ಉತ್ತರ ಶೇ 21. ನಾಲ್ಕನೇ ಕಾಲಂನಲ್ಲಿ ಒಂದೇ ಸಾಲು: ‘ಒಂದು ಬದಲಾದಾಗ ಜೊತೆಗೆ ಇನ್ನೇನು ಬದಲಾಯಿತು?’ ಈ ಪ್ರಶ್ನೆ ಕೆಪ್ಯಾಸಿಟರ್‌ಗೂ ನಡೆಯುತ್ತದೆ. ಬ್ಯಾಟರಿ ತೆಗೆದು ಡೈಎಲೆಕ್ಟ್ರಿಕ್ (ಪ್ಲೇಟುಗಳ ನಡುವಿನ ನಿರೋಧಕ ವಸ್ತು) ಹಾಕಿದರೋ, ಇಟ್ಟುಕೊಂಡೇ ಹಾಕಿದರೋ ಎನ್ನುವಲ್ಲೇ ಅರ್ಧ ಜನ ಎಡವುತ್ತಾರೆ.

ಮೂರು ಗಂಟೆಯ ಟೆಸ್ಟಿಗೆ ಹೀಗೆ ಬರೆಯಲು ಐದಾರು ಗಂಟೆ ಹಿಡಿಯುತ್ತದೆ. ಅದಕ್ಕೇ ಡಿಸೆಂಬರ್‌ವರೆಗೆ ವಾರಕ್ಕೆ ಒಂದು ಟೆಸ್ಟ್, ಆಮೇಲೆ ಎರಡು. ಏಪ್ರಿಲ್‌ನಲ್ಲಿ ದಿನಕ್ಕೊಂದು ಬರೆದ ಗೆಳೆಯರ ಅಂಕ ಅಲ್ಲಲ್ಲೇ ಸುತ್ತಿತು; ಬರೆದದ್ದನ್ನು ತಿರುಗಿ ನೋಡಲು ಅವರಿಗೆ ಹೊತ್ತೇ ಇರಲಿಲ್ಲ.

ದುಡ್ಡಿನ ವಿಷಯ. ಲಾಂಗ್ ಟರ್ಮ್ ಫೀಸು, ಹಾಸ್ಟೆಲ್, ಊಟ ಸೇರಿ ಆಗ ವಿಚಾರಿಸಿದಾಗ ಎರಡು ಲಕ್ಷದ ಮೇಲೆ ಹೇಳಿದ್ದರು. ನನಗೆ ಆದದ್ದು ಹದಿನೈದು ಸಾವಿರದ ಒಳಗೆ. ಅದರಲ್ಲೂ ವ್ಯರ್ಥವಾದದ್ದಿದೆ. ಸೀನಿಯರ್ ಒಬ್ಬರ ಕೋಚಿಂಗ್ ಮಾಡ್ಯೂಲ್ ಮೂಟೆಗೆ ಎರಡೂವರೆ ಸಾವಿರ ಕೊಟ್ಟು ತಂದದ್ದು ಮಂಚದಡಿಯಲ್ಲೇ ಉಳಿಯಿತು. ಅಗ್ಗದ ಆನ್‌ಲೈನ್ ಟೆಸ್ಟ್ ಸೀರೀಸ್ ಒಂದರಲ್ಲಿ ಕೀ ಉತ್ತರಗಳೇ ತಪ್ಪಿದ್ದವು. ತಪ್ಪು ಕೀ ಇಟ್ಟುಕೊಂಡು ಈ ನೋಟ್‌ಬುಕ್ ಬರೆದರೆ ಇದ್ದ ತಿಳಿವಳಿಕೆಯೂ ಕೆಡುತ್ತದೆ. ಹಣ ಹಾಕುವುದಾದರೆ ನಂಬಿಕೆಯ ಟೆಸ್ಟ್ ಸೀರೀಸಿಗೆ ಹಾಕಿ, ಮೂರು ನಾಲ್ಕು ಸಾವಿರ ಸಾಕು. ಹಳೆಯ ನೀಟ್ ಪತ್ರಿಕೆಗಳು ಪುಕ್ಕಟೆ, ಅವಕ್ಕಿಂತ ಒಳ್ಳೆಯ ಟೆಸ್ಟ್ ಇಲ್ಲ.

ಎನ್‌ಸಿಇಆರ್‌ಟಿ ಪಠ್ಯಪುಸ್ತಕವನ್ನು ಸಾಲು ಸಾಲು ಓದಿ ಎನ್ನುವುದು ಸರಿ, ಆದರೆ ಅಷ್ಟೇ ಸಾಲದು. 2024ರ ಪರೀಕ್ಷೆಯಿಂದ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಸಿಲಬಸ್ ಬಂದಿದೆ, ಅದಕ್ಕೂ ಪಾಠ ಕತ್ತರಿಸಿದ ಹೊಸ ಎನ್‌ಸಿಇಆರ್‌ಟಿ ಪುಸ್ತಕಕ್ಕೂ ಪೂರ್ತಿ ತಾಳೆಯಾಗುವುದಿಲ್ಲ. ಮಾಲ್ವೇಸಿ, ಕ್ರುಸಿಫೆರೆ ಮುಂತಾದ ಸಸ್ಯ ಕುಟುಂಬಗಳು ಸಿಲಬಸ್‌ನಲ್ಲಿವೆ. ಕೆಮಿಸ್ಟ್ರಿ ಪ್ರಾಕ್ಟಿಕಲ್‌ನ ಲವಣ ವಿಶ್ಲೇಷಣೆ, ಫಿಸಿಕ್ಸ್‌ನ ವರ್ನಿಯರ್ ಮತ್ತು ಸ್ಕ್ರೂ ಗೇಜ್ ಕೂಡ. ಪಿಯು ಲ್ಯಾಬ್ ರೆಕಾರ್ಡ್ ರದ್ದಿಗೆ ಹಾಕಬೇಡಿ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಅಂಚಿನಲ್ಲಿ ಕನ್ನಡದಲ್ಲೇ ಕಾರಣ ಬರೆದುಕೊಳ್ಳಿ, ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನದು ಇರಲಿ. ನನ್ನ ಮೂರನೇ ಕಾಲಂ ಪೂರ್ತಿ ಕನ್ನಡ. ಯಾಕೆ ತಪ್ಪಿದೆ ಎಂದು ಇಂಗ್ಲಿಷಿನಲ್ಲಿ ಬರೆದಾಗ ‘ಸಿಲ್ಲಿ ಮಿಸ್ಟೇಕ್’ ಎಂಬಲ್ಲಿಗೆ ನಿಂತುಬಿಡುತ್ತಿತ್ತು, ಕನ್ನಡದಲ್ಲಿ ಬರೆದಾಗ ನಿಜವಾದ ಕಾರಣ ಬರುತ್ತಿತ್ತು.

ಗೆಸ್ ಮಾಡಲೇಬೇಡಿ ಎನ್ನುವವರ ಮಾತನ್ನು ಲೆಕ್ಕ ಒಪ್ಪುವುದಿಲ್ಲ. ಎರಡು ಆಯ್ಕೆ ಖಚಿತವಾಗಿ ಹೊಡೆದುಹಾಕಿದ್ದರೆ ಉಳಿದೆರಡರಲ್ಲಿ ಒಂದನ್ನು ಹಾಕುವುದು ಸರಾಸರಿ ಒಂದೂವರೆ ಅಂಕದ ಲಾಭ. ನನಗೆ ಅಂಥವುಗಳಲ್ಲಿ ಹತ್ತಕ್ಕೆ ಆರರಷ್ಟು ಸರಿಯಾಗುತ್ತಿದ್ದವು. ಏನೂ ಗೊತ್ತಿಲ್ಲದೆ ಹಾಕಿದವು ಮಾತ್ರ ನಾಲ್ಕಕ್ಕೊಂದು ಕೂಡ ಸಿಗುತ್ತಿರಲಿಲ್ಲ. ಆಯ್ಕೆಗಳನ್ನು ಹೊಸೆದಿರುವುದೇ ಅರೆಬರೆ ಗೊತ್ತಿರುವವರು ಬೀಳಲಿ ಎಂದು. ಟೆಸ್ಟಿನಲ್ಲಿ ಗೆಸ್ ಮಾಡಿದ್ದಕ್ಕೆಲ್ಲ ಚುಕ್ಕೆ ಇಟ್ಟು ನಿಮ್ಮ ಲೆಕ್ಕ ನೀವೇ ತೆಗೆಯಿರಿ.

ಉತ್ತರ ಗುರುತು ಹಾಕುವ ಓಎಂಆರ್ ಹಾಳೆಯ ಒಂದು ಗುಂಡಿ ತುಂಬಲು ಮೂರು ನಾಲ್ಕು ಸೆಕೆಂಡ್, 180 ಪ್ರಶ್ನೆಗೆ ಹತ್ತು ಹನ್ನೆರಡು ನಿಮಿಷ. ಮೊಬೈಲ್‌ನಲ್ಲಿ ಟೆಸ್ಟ್ ಬರೆಯುವವರಿಗೆ ಈ ಹನ್ನೆರಡು ನಿಮಿಷ ಪರೀಕ್ಷೆಯ ದಿನವೇ ಗೊತ್ತಾಗುವುದು. ಜೆರಾಕ್ಸ್ ಅಂಗಡಿಯಲ್ಲಿ ಓಎಂಆರ್ ಹಾಳೆ ತೆಗೆಸಿ, ಪುಟ ಮುಗಿದ ಹಾಗೆ ತುಂಬಿ. ಕೊನೆಗೆ ಒಟ್ಟಿಗೆ ತುಂಬಿದರೆ ಒಂದು ಸಾಲು ಜಾರಿದಾಗ ಕೆಳಗಿನದೆಲ್ಲ ಹೋಯಿತು. ಬಯಾಲಜಿಗೆ 50 ನಿಮಿಷ, ಕೆಮಿಸ್ಟ್ರಿಗೆ 45, ಫಿಸಿಕ್ಸ್‌ಗೆ 65. ಉಳಿದ ಇಪ್ಪತ್ತರಲ್ಲಿ ಬಿಟ್ಟವುಗಳನ್ನು ಯಾವ ಕ್ರಮದಲ್ಲಿ ಹಿಡಿಯುತ್ತೇನೆ ಎಂಬುದನ್ನು ಸದ್ಯ ಬರೆಯುವುದಿಲ್ಲ, ತಂಗಿ ಈ ವರ್ಷ ಬರೆಯುತ್ತಿದ್ದಾಳೆ.

ಊಟದ ಮೇಲೂ ಪ್ರಯೋಗ ಮಾಡಿದೆ. ಪರೀಕ್ಷೆ ಮಧ್ಯಾಹ್ನ 2ಕ್ಕೆ, ಗೇಟ್ ಮುಚ್ಚುವುದು 1.30ಕ್ಕೆ. ಅನ್ನ ಸಾರು ಹೊಟ್ಟೆ ತುಂಬ ಉಂಡು ಟೆಸ್ಟ್ ಬರೆದ ದಿನಗಳಲ್ಲಿ ಮೂರರ ನಂತರದ ತಪ್ಪುಗಳು ಎದ್ದು ಕಾಣುವಷ್ಟು ಹೆಚ್ಚು. 11ಕ್ಕೆ ನಾಲ್ಕು ಇಡ್ಲಿ, ಒಂದು ಬಾಳೆಹಣ್ಣು ಹೊಂದಿಕೊಂಡಿತು. ಪಾಠವನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದ್ದು ಪ್ಲಾಂಟ್ ಕಿಂಗ್‌ಡಮ್‌ಗೆ ಚೆನ್ನಾಗಿ ಕೆಲಸ ಮಾಡಿತು, ಫಿಸಿಕ್ಸ್‌ಗೆ ಏನೂ ಆಗಲಿಲ್ಲ.

ರಿಪೀಟ್ ವರ್ಷದಲ್ಲಿ ಮನಸ್ಸು ಕುಸಿಯುವುದು ಅಂಕಕ್ಕಿಂತ ಹೆಚ್ಚಾಗಿ ‘ಎಷ್ಟು ಬಂತು?’ ಎಂಬ ಪ್ರಶ್ನೆಗೆ. ಟೆಸ್ಟ್ ಅಂಕ ಯಾರಿಗೂ ಹೇಳುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಮಾತಾಗಲಿ. ಅಪ್ಪ ಕೇಳಿದರೆ ಈ ವಾರ ಎಷ್ಟು ಹಳೆಯ ತಪ್ಪು ಮರುಕಳಿಸಲಿಲ್ಲ ಎಂಬ ಲೆಕ್ಕ ತೋರಿಸುತ್ತಿದ್ದೆ. ತನ್ನ ತಪ್ಪನ್ನು ನಾಚಿಕೆಯಿಲ್ಲದೆ ಎದುರಿಗಿಟ್ಟುಕೊಂಡು ನೋಡುವ ಅಭ್ಯಾಸ ಬರಲು ನಾಲ್ಕೈದು ತಿಂಗಳು ಬೇಕಾಯಿತು. ಬಂದ ಮೇಲೆ ನಿದ್ದೆಯೂ ಸರಿಹೋಯಿತು.

ಕೊನೆಯದು ಕಾಗದಪತ್ರ. ರಾಜ್ಯ ಕೋಟಾದಲ್ಲಿ ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲು, ಎರಡಕ್ಕೂ ಒಂದರಿಂದ ಹತ್ತನೆಯವರೆಗಿನ ಓದಿನ ದಾಖಲೆ ಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಆದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯದೂ ಬೇರೆ ಬೇರೆ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ತುಂಬುವಾಗಲೇ ಈ ಮೀಸಲನ್ನು ಕೇಳಿಕೊಳ್ಳಬೇಕು, ಆದ್ದರಿಂದ ರಿಸಲ್ಟ್ ಬರಲಿ ಎಂದು ಕಾಯದೆ ಜನವರಿಯಲ್ಲೇ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು (ಅದರ ಮೇಲಿನ ಸಂಖ್ಯೆ) ಸರಿಯಿದೆಯೇ, ಅದರಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಅಕ್ಷರ ಅಕ್ಷರ ತಾಳೆಯಾಗುತ್ತದೆಯೇ ನೋಡಿಕೊಳ್ಳಿ, ಇನಿಷಿಯಲ್ ಕೂಡ.