ಫೋಲ್ಡರ್ ಸಾಗಿಸುವ ಮುನ್ನ ಆ ಸ್ಲ್ಯಾಶ್ ನೋಡಿಕೊಳ್ಳಿ

ಹಳೇ ಲ್ಯಾಪ್‌ಟಾಪಿನಲ್ಲಿ 40 ಜಿಬಿ ಫೋಟೊ, ವಿಡಿಯೊ. ಎಲ್ಲವೂ ಹೊಸದಕ್ಕೆ ಹೋಗಬೇಕು. ಕೈಯಲ್ಲಿರುವುದು 16 ಜಿಬಿ ಪೆನ್‌ಡ್ರೈವ್. ಮೂರು ಸಲ ಚುಚ್ಚಿ ಕಿತ್ತರೆ ಮುಗಿಯಿತಲ್ಲ ಎನ್ನುವಂತಿಲ್ಲ. ಅದು ಫ್ಯಾಟ್32 ಮಾದರಿಯದಾದರೆ 4 ಜಿಬಿ ತುಂಬಿದ ಮದುವೆ ವಿಡಿಯೊವನ್ನು ಒಳಗೇ ಬಿಟ್ಟುಕೊಳ್ಳದು. ಎರಡೂ ಲ್ಯಾಪ್‌ಟಾಪ್ ಒಂದೇ ವೈಫೈನಲ್ಲಿರುವಾಗ ಈ ಪಾಡೇಕೆ? ಟರ್ಮಿನಲ್ (ಕಮಾಂಡ್ ಟೈಪಿಸುವ ಕಿಟಕಿ) ತೆರೆದು ಒಂದು ಸಾಲು ಬರೆದರಾಯಿತು.

ಎರಡರಲ್ಲೂ ಉಬುಂಟು (ವಿಂಡೋಸಿನಂತೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇದೆ ಎಂದಿಟ್ಟುಕೊಳ್ಳೋಣ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಮೊದಲು ಹೊಸ ಲ್ಯಾಪ್‌ಟಾಪಿನಲ್ಲಿ ಬಾಗಿಲು ತೆರೆಯಬೇಕು:

ಸುಡೊ ಆಪ್ಟ್ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್

ಆಮೇಲೆ 'ಹೋಸ್ಟ್‌ನೇಮ್ -ಐ' ಎಂದರೆ (ಈ ಐ ಮಾತ್ರ ದೊಡ್ಡಕ್ಷರ) ಅದರ ವಿಳಾಸ ಸಿಗುತ್ತದೆ. 192.168.1.20 ಎಂದು ಬಂತೆನ್ನಿ, ಬರೆದಿಟ್ಟುಕೊಳ್ಳಿ.

ಇನ್ನು ಹಳೆಯದರ ಮುಂದೆ ಕೂರಿ. ಒಂದೆರಡು ಫೈಲಾದರೆ, ಪ್ರತಿ ಮಾಡಿ ಕಳಿಸುವ ಕಮಾಂಡ್ ಎಸ್‌ಸಿಪಿ ಸಾಕು:

ಎಸ್‌ಸಿಪಿ ಪಟ್ಟಿ.ಪಿಡಿಎಫ್ ಮನೆ@192.168.1.20:

'ಮನೆ' ಎಂಬುದು ಹೊಸ ಲ್ಯಾಪ್‌ಟಾಪಿನ ಲಾಗಿನ್ ಹೆಸರು. ಕೊನೆಯ ಕೋಲನ್ ಬಿಟ್ಟರೆ ಎಸ್‌ಸಿಪಿ ತಕರಾರೇ ಮಾಡುವುದಿಲ್ಲ. ಇದೇ ಲ್ಯಾಪ್‌ಟಾಪಿನಲ್ಲಿ 'ಮನೆ@192.168.1.20' ಎಂಬ ವಿಚಿತ್ರ ಹೆಸರಿನ ಪ್ರತಿ ಮಾಡಿಟ್ಟು ಸುಮ್ಮನಾಗುತ್ತದೆ. ಮೊದಲ ಸಲ 'ಈ ಯಂತ್ರವನ್ನು ನಂಬಲೇ?' ಎಂಬ ಅರ್ಥದ ಪ್ರಶ್ನೆ ಬರುತ್ತದೆ. ಮನೆಯೊಳಗಿನ ವ್ಯವಹಾರ, 'ಯೆಸ್' ಎನ್ನಿ. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದು. ಕೀಬೋರ್ಡ್ ಕೆಟ್ಟಿಲ್ಲ, ಒತ್ತುತ್ತಾ ಹೋಗಿ. ಫೈಲು ಸಾಗುವ, ನಡುವೆ ಯಾರೂ ಓದಲಾಗದ ಈ ಗುಟ್ಟಿನ ದಾರಿಯ ಹೆಸರು ಎಸ್‌ಎಸ್‌ಎಚ್. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕದಿಯುತ್ತಿದ್ದುದು ಪತ್ತೆಯಾದ ಮೇಲೆ ಟಾಟು ಇಲೋನೆನ್ ಬರೆದದ್ದು.

40 ಜಿಬಿ ಫೋಲ್ಡರಿಗೆ ಮಾತ್ರ ಎಸ್‌ಸಿಪಿ ಬೇಡ. ಅರ್ಧದಲ್ಲಿ ಕರೆಂಟ್ ಹೋಗಿ ವೈಫೈ ಸತ್ತರೆ ಅದು ಮತ್ತೆ ಮೊದಲಿನಿಂದ ಶುರು. ಇಲ್ಲಿ ಬೇಕಾದದ್ದು ಆರ್‌ಸಿಂಕ್ (ಆರ್, ಎಸ್, ವೈ, ಎನ್, ಸಿ). ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದದ್ದು. ಇವತ್ತಿಗೂ ಇದಕ್ಕೆ ಸಾಟಿ ನನಗೆ ಕಂಡಿಲ್ಲ.

ಆರ್‌ಸಿಂಕ್ -ಎವಿಪಿ ಫೋಟೊ/ ಮನೆ@192.168.1.20:ಫೋಟೊ/

'ಎ' ಅಂದರೆ ಒಳಗಿನ ಫೋಲ್ಡರುಗಳು, ತಾರೀಖು ಸಮೇತ ಇದ್ದಂತೆ ಸಾಗಿಸು. 'ವಿ' ಅಂದರೆ ಹೆಸರು ಹೇಳುತ್ತಾ ಹೋಗು. ದೊಡ್ಡಕ್ಷರದ 'ಪಿ' ಎಷ್ಟು ಹೋಯಿತೆಂದು ತೋರಿಸುತ್ತದೆ, ಅರ್ಧ ಹೋದ ಫೈಲನ್ನೂ ಉಳಿಸಿಕೊಳ್ಳುತ್ತದೆ. ಸಂಪರ್ಕ ಕಡಿದರೆ ಅದೇ ಸಾಲನ್ನು ಮತ್ತೆ ಓಡಿಸಿ. ಗಾತ್ರ, ತಾರೀಖು ಹೊಂದಿದ ಫೈಲುಗಳನ್ನು ಮುಟ್ಟದೆ ಮುಂದಕ್ಕೆ ಹೋಗುತ್ತದೆ.

ಈಗ ಆ ಸ್ಲ್ಯಾಶ್. ಮೂಲದಲ್ಲಿ 'ಫೋಟೊ/' ಎಂದರೆ ಫೋಲ್ಡರಿನೊಳಗಿನ ಸರಕು. ಬರೀ 'ಫೋಟೊ' ಎಂದರೆ ಫೋಲ್ಡರೇ. ನಾನು ಎರಡನೇ ಸಲ ಓಡಿಸುವಾಗ ಸ್ಲ್ಯಾಶ್ ನುಂಗಿಬಿಟ್ಟಿದ್ದೆ. ಫೋಟೊದೊಳಗೆ ಇನ್ನೊಂದು ಫೋಟೊ ಹುಟ್ಟಿ, ಅಷ್ಟೂ ಸರಕು ಹೊಸದಾಗಿ ತುಂಬತೊಡಗಿತು. ನಾನು ಆಗ ಕಾಫಿ ಕುಡಿಯಲು ಹೋಗಿದ್ದೆ. ವಾಪಸು ಬಂದಾಗ ಡಿಸ್ಕ್ ಭರ್ತಿ.

ಅದಕ್ಕೇ ಮೊದಲು '-ಎವಿಪಿಎನ್' ಎಂದು ಓಡಿಸಿ. ಆ 'ಎನ್' ಇದ್ದರೆ ಏನೂ ಸಾಗುವುದಿಲ್ಲ. ಏನೇನು ಸಾಗಲಿದೆ ಎಂಬ ಪಟ್ಟಿ ಮಾತ್ರ ಬರುತ್ತದೆ. ಕೆಲವರು '--ಡಿಲೀಟ್' ಸೇರಿಸಿ ಎನ್ನುತ್ತಾರೆ. ಮೂಲದಲ್ಲಿಲ್ಲದ್ದನ್ನೆಲ್ಲ ಆಚೆಕಡೆ ಅಳಿಸುವ ಆಯ್ಕೆ ಅದು. ಹೊಸಬರು ಅದರ ತಂಟೆಗೇ ಹೋಗಬೇಡಿ.

ವೈಫೈ ಕುಂಟಿದರೆ ಕೇಬಲ್ ಹಾಕಿ. 100 ಎಂಬಿಪಿಎಸ್ ಪೋರ್ಟಿನಲ್ಲಿ ಸೆಕೆಂಡಿಗೆ 12 ಎಂಬಿಯ ಆಸುಪಾಸು, ಅಂದರೆ 40 ಜಿಬಿಗೆ ಒಂದು ಗಂಟೆ. ಗಿಗಾಬಿಟ್ ಆದರೆ ಲೆಕ್ಕಕ್ಕೆ ಆರೇಳು ನಿಮಿಷ. ಹಳೇ ಹಾರ್ಡ್‌ಡಿಸ್ಕ್ ಅಷ್ಟು ಓಡಬೇಕಲ್ಲ!

ವಿಂಡೋಸ್ 10ರಲ್ಲಿ 2018ರಿಂದ ಎಸ್‌ಸಿಪಿ ಜೊತೆಗೇ ಬರುತ್ತದೆ, ಆರ್‌ಸಿಂಕ್ ಬರುವುದಿಲ್ಲ. ಮ್ಯಾಕ್‌ನಲ್ಲಾದರೆ ಶೇರಿಂಗ್ ಸೆಟ್ಟಿಂಗಿನಲ್ಲಿ 'ರಿಮೋಟ್ ಲಾಗಿನ್' ಆನ್ ಮಾಡಿದರೆ ಬಾಗಿಲು ತೆರೆಯಿತು.

ಎಲ್ಲ ಮುಗಿದ ಮೇಲೆ ಒಂದು ಸಲ '-ಎವಿಎನ್‌ಸಿ' ಎಂದು ಓಡಿಸಿ. 'ಸಿ' ಇದ್ದರೆ ತಾರೀಖು ನಂಬದೆ ಪ್ರತಿ ಫೈಲಿನ ಒಳಗನ್ನೇ ಓದಿ ತಾಳೆ ನೋಡುತ್ತದೆ, ತಡವಾಗುತ್ತದೆ, ಆಗಲಿ. ಒಂದೂ ಫೈಲಿನ ಹೆಸರು ಬರಲಿಲ್ಲವೆಂದರೆ ಹಳೆಯದನ್ನು ಫಾರ್ಮ್ಯಾಟ್ ಮಾಡಬಹುದು.