ಹೋತಗಳಿಗೆ ನೇಪಿಯರ್ ಸೈಲೇಜ್, ಜೊತೆಗೆ ತೊಗರಿ ಹೊಟ್ಟು

ಕಲಬುರಗಿ ಜಿಲ್ಲೆಯ ಆಳಂದ ಕಡೆ ನನ್ನ ಹೊಲ. ಬಕ್ರೀದಿಗೆ ಮಾರುವ ಉಸ್ಮಾನಾಬಾದಿ ತಳಿಯ ಹೋತಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಬೆಳೆಸುತ್ತೇನೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬದುವಿನ ಮೇಲೆ ಹಸಿರು ಕಡ್ಡಿ ಉಳಿಯೋದಿಲ್ಲ. ತೂಕ ಏರಬೇಕಾದದ್ದೂ ಆಗಲೇ. ಅದಕ್ಕೇ ನೇಪಿಯರ್ ಹುಲ್ಲನ್ನು ಮೊದಲೇ ಸೈಲೇಜ್, ಅಂದರೆ ಗಾಳಿಯಾಡದಂತೆ ಕಟ್ಟಿ ಹುಳಿ ಬರಿಸಿದ ಮೇವು, ಮಾಡಿಡುತ್ತೇನೆ.

ನೇಪಿಯರ್‌ನಲ್ಲಿ ನೀರು ಜಾಸ್ತಿ, ಸಕ್ಕರೆ ಅಂಶ ಕಡಿಮೆ. ಹಸಿಹಸಿಯಾಗಿ ಚೀಲಕ್ಕೆ ತುಂಬಿದರೆ ಕೊಳೆಯುತ್ತದೆ. ಬೆಳಿಗ್ಗೆ ಕೊಯ್ದು ಸಂಜೆವರೆಗೆ ಬಾಡಲು ಬಿಡುತ್ತೇನೆ. ಚಾಫ್ ಕಟರ್‌ಗೆ ಹಾಕಿ ಸಣ್ಣಗೆ ಕತ್ತರಿಸಿದ ಮೇಲೆ ಒಂದು ಹಿಡಿ ಗಟ್ಟಿಯಾಗಿ ಹಿಸುಕಿ ನೋಡುತ್ತೇನೆ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ಇನ್ನೂ ಬಾಡಬೇಕು. ಕೈ ಬಿಚ್ಚಿದಾಗ ಉಂಡೆ ನಿಧಾನಕ್ಕೆ ಬಿರಿದು, ಅಂಗೈಗೆ ಬರೀ ಪಸೆ ಹತ್ತಿದರೆ ಹದ ಬಂತು. 100 ಕೆಜಿ ಹುಲ್ಲಿಗೆ 1 ಕೆಜಿ ಬೆಲ್ಲವನ್ನು ಸ್ವಲ್ಪವೇ ನೀರಲ್ಲಿ ಕರಗಿಸಿ ಚಿಮುಕಿಸುತ್ತೇನೆ. ಪದರ ಪದರವಾಗಿ ತುಳಿದು, ಗಾಳಿ ಹೊರಹಾಕಿ, ಚೀಲದ ಬಾಯಿ ಬಿಗಿಯುತ್ತೇನೆ. 45 ದಿನ ಮುಟ್ಟೋದಿಲ್ಲ. ಬಿಚ್ಚಿದಾಗ ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇರಬೇಕು.

ಆದರೆ ಇದೊಂದರಿಂದಲೇ ಹೋತ ಮೈ ತುಂಬಿಕೊಳ್ಳೋದಿಲ್ಲ, ಪ್ರೋಟೀನ್ ಸಾಲದು. ತೊಗರಿ ನಾಡಲ್ಲಿ ಇರೋದು ನಮ್ಮ ಪುಣ್ಯ. ರಾಶಿ ಮಾಡಿದ ಮೇಲೆ ಉಳಿಯೋ ಹೊಟ್ಟು, ದಾಲ್ ಮಿಲ್ಲಿನ ಚುನ್ನಿ (ಬೇಳೆ ಮಾಡುವಾಗ ಉಳಿಯೋ ಸಿಪ್ಪೆ, ನುಚ್ಚು), ಎರಡೂ ಕೈಗೆಟಕುವ ದರದಲ್ಲಿ ಸಿಗುತ್ತವೆ. ಆ ಹೊಟ್ಟಿಗೆ ಕೆಲವರು ಹೊಲದಲ್ಲೇ ಬೆಂಕಿ ಇಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. 20 ಕೆಜಿ ತೂಗುವ ಹೋತಕ್ಕೆ ದಿನಕ್ಕೆ 1 ಕೆಜಿ ಸೈಲೇಜ್, ಕಾಲು ಕೆಜಿ ಹೊಟ್ಟು, ಚುನ್ನಿ-ಶೇಂಗಾ ಹಿಂಡಿ-ಮೆಕ್ಕೆಜೋಳದ ನುಚ್ಚು ಕೂಡಿ ಇನ್ನೊಂದು ಕಾಲು ಕೆಜಿ. ಬೇಗ ದಪ್ಪ ಆಗಲಿ ಅಂತ ಕಾಳು ಸುರಿಯಬಾರದು, ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತವೆ. ಸೈಲೇಜನ್ನೂ ಒಂದು ಹಿಡಿಯಿಂದ ಶುರು ಮಾಡಿ ಹತ್ತು-ಹದಿನೈದು ದಿನಗಳಲ್ಲಿ ಏರಿಸಬೇಕು. ಕರುಳು ಬೇನೆಯ ಲಸಿಕೆ ಮೊದಲೇ ಆಗಿರಲಿ.

ಬೂಷ್ಟು ಹಿಡಿದದ್ದನ್ನು ಮಾತ್ರ ಹಾಕಲೇಬೇಡಿ. ಕೆಟ್ಟ ಸೈಲೇಜಿನಿಂದ ಆಡುಗಳಿಗೆ ಲಿಸ್ಟೀರಿಯಾ ಎಂಬ, ಮಿದುಳಿಗೆ ಏರುವ ರೋಗಾಣು ತಗಲಬಹುದು. ತಲೆ ಒಂದು ಕಡೆ ವಾಲಿಸಿ ಸುತ್ತು ಹೊಡೆಯತೊಡಗಿದರೆ ತಡಮಾಡದೆ ಡಾಕ್ಟರನ್ನು ಕರೆಸಿ. ಚೀಲ ಬಿಚ್ಚಿದ ಮೇಲೆ ನಾನು ಆ ದಿನಕ್ಕೆ ಬೇಕಾದಷ್ಟೇ ತೆಗೆದು ಮತ್ತೆ ಬಾಯಿ ಕಟ್ಟುತ್ತೇನೆ. ಗೋದಲಿಯಲ್ಲಿ ಉಳಿದದ್ದು ಸಂಜೆಯೇ ತಿಪ್ಪೆಗೆ.